ಹರಣಶಿಕಾರಿಯ ಫಾಸೆ

ಸೇಡಂ, ಚಿತ್ತಾಪುರದ ಬ್ಯಾಸಿಗಿ ಉಂಡವರು ಯಾರೂ ತುಪ್ಪಳದ ಕೋಟಿನ ಕನಸು ಕಾಣಲಾರರು. ಬಿಸಿಲು 43-44 ಡಿಗ್ರಿಗೆ ಏರುವ ಸೀಮೆ ಇದು. ಆಚೆ ಕೆನಡಾದ ಹಿಮದಲ್ಲಿ ಬೀವರಿನ ತೊಗಲಿಗಾಗಿಯೇ 1670ರಲ್ಲಿ ಹಡ್ಸನ್ಸ್ ಬೇ ಎಂಬ ಕಂಪನಿ ಹುಟ್ಟಿತು, ಬೋನಿಟ್ಟು ಮೃಗ ಹಿಡಿಯುವುದು ಅಲ್ಲಿ ದೊಡ್ಡ ಉದ್ಯಮವಾಯಿತು. ನಮ್ಮ ಕಡೆ ಉರುಲು ಒಡ್ಡಿದವನಿಗೆ ಮೊದಲು ಬೇಕಾದದ್ದು ಸಂಜೆಯ ಅಡುಗೆಗೆ ಮಾಂಸ. ಚರ್ಮ, ಕೊಂಬು, ಕೂದಲಿನ ಮಾತು ಆಮೇಲಿನದು. ಆದರೂ ಇಲ್ಲಿಯ ಉರುಲಿನ ವಿದ್ಯೆ ಕೆನಡಾದವರ ವಿದ್ಯೆಗೆ ಕಡಿಮೆಯದೇನಲ್ಲ. ಅದನ್ನು ಕುಲಕಸುಬಾಗಿ ಮಾಡಿಕೊಂಡು ಬಂದವರು ಹರಣಶಿಕಾರಿಗಳು.

ಮೊದಲು ನೆಲದ ಪರಿಚಯ. ಕಾಗಿಣಾ ದಂಡೆಯ ಮಳಖೇಡದಿಂದ ಶಹಾಬಾದ್, ವಾಡಿಯವರೆಗೆ ಕೆಳಗೆ ಸುಣ್ಣಕಲ್ಲು, ಮೇಲೆ ತೊಗರಿ ಮತ್ತು ಜೋಳ. ಕಲ್ಲು ತೆಗೆದ ಗಣಿಗಳು, ಸಿಮೆಂಟ್ ಕಾರ್ಖಾನೆಗಳು, 1874ರಲ್ಲಿ ಹೈದರಾಬಾದ್ ಕಡೆಯ ರೈಲು ಬಂದು ಕೂಡಿದ ವಾಡಿ ಜಂಕ್ಷನ್ ಎಲ್ಲವೂ ಈ ಬಯಲಿನಲ್ಲೇ. ಚಿಂಚೋಳಿ ಮುಟ್ಟಿದರೆ ನೋಟ ಬದಲಾಗುತ್ತದೆ. ಕೊಂಚಾವರಂ ಗುಡ್ಡಗಳು, ಚಂದ್ರಂಪಳ್ಳಿ ಜಲಾಶಯ, ಒಣ ಎಲೆ ಉದುರುವ ಕಾಡು. 2011ರಲ್ಲಿ ಇಲ್ಲಿಯ 134.88 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬ, ನರಿ, ಕೊಂಡುಕುರಿ, ಕೃಷ್ಣಮೃಗ ಇಲ್ಲಿವೆ. ಕೃಷ್ಣಮೃಗ ಎನ್ನುವುದು ಪುಸ್ತಕದ ಮಾತು, ಊರವರಿಗೆ ಅದು ಚಿಗರಿ.

ಚಿಗರಿ ಹಿಡಿಯುವವನೇ ಹರಣಶಿಕಾರಿ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಪಾರ್ಧಿ, ಅಡವಿಚಿಂಚೇರ, ಫಾಸೆ ಪಾರ್ಧಿ, ಹರಣಶಿಕಾರಿ ಎಂಬ ಹೆಸರುಗಳು ಒಂದೇ ಸಾಲಿನಲ್ಲಿ ಕೂತಿವೆ. ಮನೆಯೊಳಗೆ ಇವರು ಆಡುವುದು ಗುಜರಾತಿಗೆ ಹತ್ತಿರದ ಮಾತು, ಸಂತೆಯಲ್ಲಿ ಕನ್ನಡ, ಮರಾಠಿ, ತೆಲುಗು ಯಾವುದಕ್ಕೂ ಸೈ. ಇವರ ಮುಖ್ಯ ಹತ್ಯಾರು ಫಾಸೆ, ಅಂದರೆ ಉರುಲು. ಬಂದೂಕು ಇವರದಾಗಿರಲಿಲ್ಲ. ಅದು ಜಹಗೀರುದಾರರ, ಸಾಹೇಬರ ಶೋಕಿ.

ಫಾಸೆಯ ರಚನೆ ನೋಡಲು ಸರಳ. ನರ ಇಲ್ಲವೆ ತೊಗಲು ಹೊಸೆದ ಹುರಿಯಿಂದ ಜಾರುಗಂಟಿನ ಕುಣಿಕೆಗಳನ್ನು ಮಾಡಿ ಉದ್ದನೆಯ ಹಗ್ಗಕ್ಕೆ ಸಾಲಾಗಿ ಕಟ್ಟುತ್ತಾರೆ. ನಡುನಡುವೆ ಗೂಟ ಬಡಿದು ನೆಲಕ್ಕೆ ಹೊಂದಿಸುತ್ತಾರೆ. ಚಿಗರಿಯ ಕಾಲು ಕುಣಿಕೆಗೆ ಬಿದ್ದರೆ ಮುಗಿಯಿತು, ಅದು ಎಳೆದಷ್ಟೂ ಬಿಗಿ. ಎಲ್ಲಿ ಹಾಸಬೇಕು ಎಂಬುದರಲ್ಲಿದೆ ಅಸಲಿ ಕಸುಬು. ಚಿಗರಿ ಬೆಳಿಗ್ಗೆ ಯಾವ ಬದುವಿನಿಂದ ಇಳಿಯುತ್ತದೆ, ಬೆದರಿದರೆ ಯಾವ ದಿಕ್ಕಿಗೆ ಓಡುತ್ತದೆ, ಗಾಳಿ ಎತ್ತಲಿಂದ ಬೀಸಿದರೆ ಮನುಷ್ಯನ ವಾಸನೆ ಅದಕ್ಕೆ ತಾಗುತ್ತದೆ, ಇಷ್ಟೂ ತಿಳಿದಿರಬೇಕು. ಒಬ್ಬಿಬ್ಬರು ಫಾಸೆಯ ಬಳಿ ಅಡಗುತ್ತಾರೆ, ಉಳಿದವರು ದೂರದಿಂದ ಸುತ್ತುಹಾಕಿ, ಅವಸರ ಮಾಡದೆ, ಹಿಂಡನ್ನು ಅತ್ತ ನಡೆಸುತ್ತಾರೆ. ಗದ್ದಲ ಎಬ್ಬಿಸಿದರೆ ಹಿಂಡು ಚೆದುರಿ ಇಡೀ ದಿನದ ದುಡಿಮೆ ಮಣ್ಣು.

ಇನ್ನೊಂದು ಉಪಾಯ ಇದಕ್ಕಿಂತ ಚತುರ. ಸಾಕಿ ಪಳಗಿಸಿದ ಗಂಡು ಚಿಗರಿಯ ಕೊಂಬಿಗೆ ಕುಣಿಕೆ ಸುತ್ತಿ ಕಾಡಿನ ಹಿಂಡಿನತ್ತ ಬಿಡುವುದು. ಹಿಂಡಿನ ಯಜಮಾನ ಹೊಸಬನ ಮೇಲೆ ಕಾಳಗಕ್ಕೆ ಬರುತ್ತಾನೆ, ಕೊಂಬಿಗೆ ಕೊಂಬು ಸೇರುತ್ತದೆ, ಕುಣಿಕೆ ಬಿಗಿಯುತ್ತದೆ. ಹಳಗನ್ನಡದ ಕವಿಗಳು ಬಲ್ಲ ದೀವದ ಮೃಗ ಇಂಥದೇ. ಇಲ್ಲಿಗೆ ದೂರವಲ್ಲದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಬೇಟೆಯನ್ನು ರಾಜವಿನೋದಗಳ ಸಾಲಿಗೆ ಸೇರಿಸಿದ್ದಾನೆ. ಅರಮನೆಯವರಿಗೆ ವಿನೋದ, ಗುಡಾರದವರಿಗೆ ಹೊಟ್ಟೆಪಾಡು.

ಕೌಜುಗ, ಪುರ್ಲೆ ಹಕ್ಕಿಗಳಿಗೆ ಬೇರೆ ಲೆಕ್ಕ. ಬಿದಿರು ಕಡ್ಡಿಗೆ ಕುದುರೆ ಬಾಲದ ಕೂದಲಿನ ಸಣ್ಣ ಕುಣಿಕೆ ಕಟ್ಟಿ ಸಾಲಾಗಿ ನೆಡುತ್ತಾರೆ. ಪಳಗಿಸಿದ ಆಕಳನ್ನು ಮುಂದೆ ಬಿಟ್ಟು ಅದರ ಮರೆಯಲ್ಲಿ ಬಗ್ಗಿ ನಡೆಯುತ್ತಾರೆ. ಮೇಯುವ ದನಕ್ಕೆ ಹಕ್ಕಿ ಹಾರುವುದಿಲ್ಲ, ಮೆಲ್ಲಗೆ ಸರಿಯುತ್ತ ಹೋಗಿ ತಾನಾಗಿಯೇ ಕುಣಿಕೆಯಲ್ಲಿ ಕುತ್ತಿಗೆ ತೂರಿಸುತ್ತದೆ.

ಹಾಗಾದರೆ ಮುಂಗುಸಿ, ಪುನುಗು ಬೆಕ್ಕು, ಕಾಡುಬೆಕ್ಕಿನಂಥ ತುಪ್ಪಳದ ಸಣ್ಣ ಮೃಗಗಳು? ಅವು ಹೆಚ್ಚಾಗಿ ಬೇರೆಯವರ ಪಾಲು. ಕೈಲಾಶ್ ಮಲ್ಹೋತ್ರಾ, ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಪಕ್ಕದ ಮಹಾರಾಷ್ಟ್ರದ ಮೂರು ಅಲೆಮಾರಿ ಸಮುದಾಯಗಳ ಬೇಟೆಯ ಕ್ರಮ ಅಧ್ಯಯನ ಮಾಡಿ 1983ರಲ್ಲಿ ಪ್ರಕಟಿಸಿದರು. ಫಾಸೆ ಪಾರ್ಧಿಗಳು ಉರುಲು ಹಾಕಿ ಚಿಗರಿ, ಹಕ್ಕಿ ಹಿಡಿಯುತ್ತಿದ್ದರು. ನಂದಿವಾಲರು ನಾಯಿ ಬಿಟ್ಟು ಹಂದಿ, ಮುಳ್ಳುಹಂದಿ, ಉಡ ಹಿಡಿಯುತ್ತಿದ್ದರು. ವೈದುಗಳು ಬೋನು ಒಡ್ಡಿ ಮುಂಗುಸಿ, ಪುನುಗು, ಬೆಕ್ಕುಗಳನ್ನು ಹಿಡಿಯುತ್ತಿದ್ದರು. ಒಂದೇ ಬಯಲಿನಲ್ಲಿ ತಿರುಗುವ ಮೂವರು ಒಬ್ಬರ ತಟ್ಟೆಗೆ ಇನ್ನೊಬ್ಬರು ಅಷ್ಟಾಗಿ ಕೈ ಹಾಕುತ್ತಿರಲಿಲ್ಲ. ಫಾಸೆಗೆ ಸಿಕ್ಕ ಗಬ್ಬದ ಚಿಗರಿಯನ್ನೂ ಮರಿಯನ್ನೂ ಬಿಟ್ಟುಬಿಡುವ ಕಟ್ಟಳೆ ಪಾರ್ಧಿಗಳಲ್ಲಿತ್ತು ಎಂದೂ ಗಾಡ್ಗೀಳ್ ದಾಖಲಿಸಿದ್ದಾರೆ. ಇದನ್ನು ಓದಿ ಹಳೆಯ ಬೇಟೆಗಾರರೆಲ್ಲ ಋಷಿಗಳಾಗಿದ್ದರು ಎಂದು ತಿಳಿಯಬೇಕಿಲ್ಲ. ಮುಂದಿನ ವರ್ಷವೂ ಅದೇ ಬಯಲಿಗೆ ಬರಬೇಕಾದವರ ವ್ಯವಹಾರಬುದ್ಧಿ ಅದು. ಬಿಡಬೇಕೆಂದರೆ ಮೃಗ ಜೀವಂತವಾಗಿರಬೇಕು, ಬಿಡಿಸುವವನು ಹತ್ತಿರದಲ್ಲೇ ಇರಬೇಕು. ಫಾಸೆಯಲ್ಲಿ ಅವೆರಡೂ ಇದ್ದವು.

ಇಂಥ ಅಲೆಮಾರಿಗಳಿಗೆ ಬ್ರಿಟಿಷರು 1871ರ ಕಾನೂನಿನಿಂದ ಹುಟ್ಟು ಅಪರಾಧಿಗಳೆಂಬ ಮುದ್ರೆ ಒತ್ತಿದರು. ಸೊಲ್ಲಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲಮೆಂಟುಗಳೆದ್ದವು. ದಿನವೂ ಹಾಜರಿ, ಊರು ಬಿಡಲು ಪರವಾನಗಿ. ಸೇಡಂ, ಚಿತ್ತಾಪುರ ಆಗ ನಿಜಾಮರ ಸೀಮೆ, ಆದರೆ ಅನುಮಾನಕ್ಕೆ ಸರಹದ್ದು ಎಲ್ಲಿಯದು? 1952ರಲ್ಲಿ ಕಾನೂನು ರದ್ದಾಗಿ ಈ ಜನ ‘ವಿಮುಕ್ತ’ರಾದರು. ಹುಬ್ಬಳ್ಳಿಯಲ್ಲಿ ಆ ಬಡಾವಣೆಗೆ ಇಂದಿಗೂ ಸೆಟ್ಲಮೆಂಟ್ ಎಂದೇ ಹೆಸರು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂಬ ಮಾತಿನೊಳಗೆ ಕೊಲ್ಲುವುದನ್ನಷ್ಟೇ ಅಲ್ಲದೆ ಉರುಲು, ಬೋನು, ವಿಷ, ಆಮಿಷ ಒಡ್ಡುವುದನ್ನೂ ಸೇರಿಸಿತು. 1991ರ ತಿದ್ದುಪಡಿಯೊಂದಿಗೆ ಲೈಸೆನ್ಸಿನ ಬೇಟೆಯೂ ನಿಂತಿತು. ಕಸುಬು ಹೋಯಿತು, ಹೋಗಲೇಬೇಕಿತ್ತು. ಚಿಗರಿಯ ಸಂಖ್ಯೆ ಆ ಹೊತ್ತಿಗೆ ಹಳೆಯ ಕಟ್ಟಳೆಯನ್ನು ನಂಬಿ ಕೂರುವಷ್ಟು ಉಳಿದಿರಲಿಲ್ಲ. ಆದರೆ ಕಸುಬು ಕಿತ್ತುಕೊಂಡವರು ಬದಲಿಗೆ ಭೂಮಿಯನ್ನೋ ಕೆಲಸವನ್ನೋ ಕೈಗಿಟ್ಟದ್ದು ತೀರ ಕಡಿಮೆ. ಮಧ್ಯ ಭಾರತದ ಹುಲಿ ಬೇಟೆಯ ಪ್ರಕರಣಗಳಲ್ಲಿ ಪಾರ್ಧಿಗಳಲ್ಲಿ ಕೆಲವರು ಸಿಕ್ಕಿಬಿದ್ದದ್ದು ನಿಜ. ಅದರ ಮಸಿ ಮಾತ್ರ ಊರಾಚೆ ಗುಡಾರ ಹಾಕಿದ ಪ್ರತಿ ಕುಟುಂಬದ ಮುಖಕ್ಕೂ ಬಿತ್ತು.

ತುಪ್ಪಳದ ವ್ಯಾಪಾರ ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ ಎಂದೂ ಅಲ್ಲ. ಚಿತ್ರ ಬರೆಯುವ ಒಳ್ಳೆಯ ಕುಂಚಗಳಿಗೆ ಮುಂಗುಸಿ ಕೂದಲೇ ಆಗಬೇಕೆಂಬ ಚಟದಿಂದ ಸಾಯುವ ಮುಂಗುಸಿಗಳಿಗೆ ಲೆಕ್ಕವಿಲ್ಲ. ಒಂದು ಮುಂಗುಸಿಯಿಂದ ಕುಂಚಕ್ಕೆ ಒದಗುವ ಕೂದಲು ಸುಮಾರು 20 ಗ್ರಾಂ, ಕಿಲೋ ಕೂದಲಿಗೆ ಐವತ್ತು ಪ್ರಾಣ. 2019ರ ಅಕ್ಟೋಬರ್‌ನಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೊ ‘ಆಪರೇಷನ್ ಕ್ಲೀನ್ ಆರ್ಟ್’ ಹೆಸರಿನಲ್ಲಿ ದೇಶದ ಹಲವೆಡೆ ಇಂಥ ಕುಂಚಗಳ ಧಂದೆಯ ಮೇಲೆ ದಾಳಿ ಮಾಡಿತು. ನರಿಕೊಂಬಿನ ಧಂದೆಯದು ಇನ್ನೂ ಹಾಸ್ಯಾಸ್ಪದ ಕತೆ. ನರಿಗೆ ಕೊಂಬೇ ಇಲ್ಲ, ಆದರೂ ಅದೃಷ್ಟಕ್ಕೆಂದು ಕೊಳ್ಳುವವರಿದ್ದಾರೆ!

ಇಂದು ಈ ಸೀಮೆಯ ಮೃಗಗಳಿಗೆ ದೊಡ್ಡ ಗಂಡಾಂತರ ಹೊಲದ ಬೇಲಿಯಲ್ಲಿದೆ. ತೊಗರಿಗೆ ನುಗ್ಗುವ ಅಡವಿ ಹಂದಿಗೆಂದು ಮೋಟಾರ್‌ಸೈಕಲ್ಲಿನ ಕ್ಲಚ್ ವೈರ್ ಕುಣಿಕೆ ಮಾಡಿ ಕಟ್ಟುವುದು, ಪಂಪ್‌ಸೆಟ್ಟಿನಿಂದ ತಂತಿ ಎಳೆದು ಕರೆಂಟ್ ಬಿಡುವುದು ರಾಜ್ಯದ ಯಾವ ಮೂಲೆಗೂ ಹೊಸದಲ್ಲ. ರೈತನ ಸಂಕಟ ಸುಳ್ಳಲ್ಲ, ವರ್ಷದ ಬೆಳೆ ಒಂದು ರಾತ್ರಿಗೆ ಹೋಗುತ್ತದೆ. ಆದರೆ ವೈರ್ ಕಟ್ಟಿದವನು ಮನೆಗೆ ಹೋಗಿ ಮಲಗುತ್ತಾನೆ. ಬಿದ್ದದ್ದು ಹಂದಿಯೋ, ತೋಳವೋ, ಗಬ್ಬದ ಚಿಗರಿಯೋ, ಪಕ್ಕದ ಹೊಲದವನ ಎತ್ತೋ ನೋಡಿ ಬಿಡಿಸಲು ಅಲ್ಲಿ ಯಾರೂ ಇರುವುದಿಲ್ಲ. ಹಂದಿಗೆಂದು ಕಟ್ಟಿದ ಉರುಲಿನಲ್ಲಿ ಚಿರತೆಗಳು ಸತ್ತ ಎಷ್ಟೋ ಪ್ರಕರಣಗಳನ್ನು ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಕರ್ನಾಟಕದಲ್ಲೇ ದಾಖಲಿಸಿದ್ದಾರೆ.

ಮೃಗದ ಹೆಜ್ಜೆ ಓದಬಲ್ಲವರನ್ನು ಅರಣ್ಯ ಇಲಾಖೆ ಚಿಂಚೋಳಿ ಕಾಡಿನಲ್ಲಿ ಉರುಲು ಹುಡುಕಿ ತೆಗೆಯುವ ಕೆಲಸಕ್ಕೆ ಕರೆಯಬಾರದೇಕೆ? ಕುಣಿಕೆ ಎಲ್ಲಿ ಅಡಗಿರುತ್ತದೆ ಎಂಬುದು ಹರಣಶಿಕಾರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಾಗುವ ತನಕ, ಓದುಗರೇ, ಬೇಲಿಯಲ್ಲಿ ಕ್ಲಚ್ ವೈರಿನ ಕುಣಿಕೆ ಕಂಡರೆ ಹತ್ತಿರದ ವಲಯ ಅರಣ್ಯ ಕಚೇರಿಗೆ ತಿಳಿಸಿ. ಬೆಳೆ ಹಾನಿಯಾದರೆ ಪರಿಹಾರದ ಅರ್ಜಿಯನ್ನೂ ಅಲ್ಲಿಯೇ ಕೊಡಬಹುದು.