ಬೆಳಕಿನ ಮಾದರಿಯಿಂದ ಮನೆಯ ಹೊಲಿಗೆ

ಬಟ್ಟೆಯನ್ನು ಹೊಲಿಯುವುದಕ್ಕಿಂತಲೂ ಕತ್ತರಿಸುವುದೇ ಕಠಿಣವೆಂಬುದನ್ನು ಹೊಲಿಗೆ ಬಲ್ಲ ತಾಯಂದಿರೆಲ್ಲರೂ ಒಪ್ಪುವರು. ತಪ್ಪಿದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಬಹುದು. ತಪ್ಪಿ ಕತ್ತರಿಸಿದ ಬಟ್ಟೆಯನ್ನು ಮೊದಲಿನಂತೆ ಮಾಡಲು ಬಾರದು. ಈ ಅಂಜಿಕೆಯಿಂದಲೇ ಹೊಲಿಗೆಯಂತ್ರವಿರುವ ಎಷ್ಟೋ ಮನೆಗಳಲ್ಲಿ ದಿಂಬಿನ ಚೀಲ ಹೊಲಿಯುವ, ಹರಿದ ಅಂಗಿಗೆ ತೇಪೆ ಹಾಕುವ ಕೆಲಸಗಳಷ್ಟೇ ನಡೆದು, ಹೊಸ ಲಂಗ ರವಿಕೆಗಳು ದರ್ಜಿಯ ಅಂಗಡಿಗೇ ಹೋಗುತ್ತವೆ. ಕತ್ತರಿಸುವ ಕೆಲಸವನ್ನು ಸುಲಭಗೊಳಿಸುವ ಹೊಸ ಉಪಾಯವೊಂದು ಈಚಿನ ವರ್ಷಗಳಲ್ಲಿ ಬಳಕೆಗೆ ಬಂದಿದೆ. ಉಡುಪಿನ ಮಾದರಿಯ ಗೆರೆಗಳನ್ನು ಪ್ರೊಜೆಕ್ಟರಿನ ಮೂಲಕ ನೇರವಾಗಿ ಬಟ್ಟೆಯ ಮೇಲೆ ಮೂಡಿಸಿ, ಆ ಬೆಳಕಿನ ಗೆರೆಗಳನ್ನು ಅನುಸರಿಸಿ ಕತ್ತರಿಸುವುದೇ ಆ ಉಪಾಯ. ಅದರ ಗುಣವನ್ನೂ ಮಿತಿಯನ್ನೂ ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಮೊದಲು ಮಾದರಿಯೆಂದರೇನೆಂಬುದನ್ನು ತಿಳಿಯೋಣ. ನಮ್ಮ ಊರಿನ ದರ್ಜಿಗಳು ಮೈಯ ಅಳತೆ ತೆಗೆದು, ಸೀಮೆಸುಣ್ಣದ ಬಿಲ್ಲೆಯಿಂದ ಬಟ್ಟೆಯ ಮೇಲೆಯೇ ಗೆರೆ ಎಳೆದು ಕತ್ತರಿಸುವರು. ಅವರ ಮಾದರಿಯು ಅವರ ನೆನಪಿನಲ್ಲಿಯೂ ಕೈಯಲ್ಲಿಯೂ ಇದೆ. ಆ ಅಭ್ಯಾಸವಿಲ್ಲದವರಿಗಾಗಿ ಕಾಗದದ ಮಾದರಿಗಳು ಹುಟ್ಟಿದವು. 1863ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಎಬೆನೆಜರ್ ಬಟರಿಕ್ ಎಂಬ ದರ್ಜಿಯು ಬೇರೆ ಬೇರೆ ಗಾತ್ರದವರಿಗೆ ಒಪ್ಪುವ ಕಾಗದದ ಮಾದರಿಗಳನ್ನು ಮಾರಾಟಕ್ಕೆ ತಂದನು. ಗಣಕಯಂತ್ರದ ಯುಗದಲ್ಲಿ ಇದೇ ಮಾದರಿಗಳು ಕಡತಗಳ ರೂಪದಲ್ಲಿ ದೊರೆಯತೊಡಗಿದವು. ಆದರೆ ಮನೆಯ ಮುದ್ರಣಯಂತ್ರವು ಎ4 ಗಾತ್ರದ ಹಾಳೆಯನ್ನಷ್ಟೇ ಮುದ್ರಿಸಬಲ್ಲದು. ಎ0 ಗಾತ್ರದ ಒಂದು ದೊಡ್ಡ ಹಾಳೆಗೆ ಸಮವಾಗಬೇಕಾದರೆ ಅಂತಹ 16 ಹಾಳೆಗಳು ಬೇಕು. ಅಂಚುಗಳನ್ನು ಕಳೆದರೆ ಇನ್ನೂ ಹೆಚ್ಚು. ಇವೆಲ್ಲವನ್ನೂ ಅಂಟಿಸುವಾಗ ಕೂಡಿಕೆ ಕೂಡಿಕೆಯಲ್ಲಿಯೂ ಒಂದಿಷ್ಟು ವ್ಯತ್ಯಾಸ ಸೇರುತ್ತಾ ಹೋಗುವುದು. ಈ ತೊಡಕನ್ನು ನೀಗಿಸಿಕೊಳ್ಳಲು ಹೊರದೇಶಗಳ ಮನೆಹೊಲಿಗೆಯವರು, ವಿಶೇಷವಾಗಿ 2020ರಿಂದ ಈಚೆಗೆ, ಪ್ರೊಜೆಕ್ಟರನ್ನು ಹಿಡಿದರು.

ಪ್ರೊಜೆಕ್ಟರು ನಮ್ಮ ವಿದ್ಯಾರ್ಥಿಗಳಿಗೆ ಹೊಸದಲ್ಲ. 2018ರಲ್ಲಿ ಕೇರಳದಲ್ಲಿ ಆರಂಭವಾದ ಹೈಟೆಕ್ ಶಾಲಾ ಯೋಜನೆಯಿಂದ ಸುಮಾರು 45,000 ತರಗತಿಗಳಿಗೆ ಅದು ಬಂದಿದೆ. ಶಾಲೆಯಲ್ಲಿ ಗೋಡೆಯ ಕಡೆಗೆ ನೋಡುವ ಆ ಯಂತ್ರವನ್ನು ಇಲ್ಲಿ ಮೇಜಿನ ನೇರ ಮೇಲೆ, ಕೆಳಮುಖವಾಗಿ ಕಟ್ಟುವರು. ಚಿತ್ರದ ಅಗಲಕ್ಕೂ ಯಂತ್ರದ ಎತ್ತರಕ್ಕೂ ಒಂದು ನಿಶ್ಚಿತ ಪ್ರಮಾಣವಿದೆ. ಈ ಪ್ರಮಾಣವು 1.2 ಆಗಿರುವ ಯಂತ್ರವನ್ನು ಮೇಜಿನಿಂದ 180 ಸೆಂ.ಮೀ. ಎತ್ತರದಲ್ಲಿಟ್ಟರೆ ಚಿತ್ರದ ಅಗಲ 150 ಸೆಂ.ಮೀ. ಆಗುವುದು. ಆ ಅಗಲದಲ್ಲಿ 1920 ಬಿಂದುಗಳಿದ್ದರೆ ಒಂದೊಂದು ಬಿಂದುವಿಗೆ ಸುಮಾರು 0.8 ಮಿ.ಮೀ. ಬೀಳುವುದು, 1280 ಮಾತ್ರವಿದ್ದರೆ ಸುಮಾರು 1.2 ಮಿ.ಮೀ. ಬಿಂದುಗಳು ಹೆಚ್ಚಿದಷ್ಟೂ ಗೆರೆಯು ಸ್ಪಷ್ಟವಾಗುವುದು. ನಮ್ಮ ಮನೆಗಳಲ್ಲಿ ಕೋಣೆಯ ನಡುವೆ ಫ್ಯಾನು ತಿರುಗುವುದರಿಂದ ಯಂತ್ರವನ್ನು ಗೋಡೆಯ ಬದಿಯಲ್ಲಿ ಭದ್ರವಾದ ಕಬ್ಬಿಣದ ತೋಳಿಗೆ ಸಿಕ್ಕಿಸಬೇಕಾಗುವುದು. ಬಟ್ಟೆಯು ಹಾರದಂತೆ ಫ್ಯಾನನ್ನು ನಿಲ್ಲಿಸಬೇಕಾಗುವುದು.

ಇಷ್ಟಾದ ಮೇಲೆ ಬರುವುದೇ ಮುಖ್ಯ ವಿಷಯ. ಬೆಳಕಿನ ಗೆರೆಯು ನೋಡಲು ಎಷ್ಟೇ ಚೊಕ್ಕವಾಗಿದ್ದರೂ, ಅದರ ಅಳತೆಯು ಸರಿಯಾಗಿದೆಯೆಂಬುದಕ್ಕೆ ಅದು ತಾನೇ ಸಾಕ್ಷಿಯಲ್ಲ. ಟೇಪು ಹಿಡಿದು ನಾವೇ ಪರೀಕ್ಷಿಸಬೇಕು. ಅದಕ್ಕಾಗಿ ಮೊದಲು 50 ಸೆಂ.ಮೀ. ಚೌಕವೊಂದನ್ನು ಮೇಜಿನ ಮೇಲೆ ಮೂಡಿಸಿ ನಾಲ್ಕು ಬದಿಗಳನ್ನೂ ಅಳೆಯತಕ್ಕದ್ದು. ಅಷ್ಟರಿಂದಲೇ ತೃಪ್ತರಾಗಕೂಡದು. ಬದಿಗಳು ಸಮವಾಗಿದ್ದರೂ ಆಕೃತಿಯು ಓರೆಯಾಗಿರಬಹುದೆಂಬುದು ರೇಖಾಗಣಿತ ಬಲ್ಲ ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ಆದುದರಿಂದ ಎರಡು ಕರ್ಣಗಳನ್ನೂ ಅಳೆಯಬೇಕು. ಅವೆರಡೂ ಸಮವಾಗಿ 70.7 ಸೆಂ.ಮೀ. ಇದ್ದರೆ ಚೌಕವು ನಿಜವಾದ ಚೌಕವೇ. ಒಂದು ಬದಿಯು ಹಿರಿದಾಗಿ ಎದುರಿನ ಬದಿಯು ಕಿರಿದಾಗಿದ್ದರೆ ಯಂತ್ರವು ವಾಲಿದೆಯೆಂದು ತಿಳಿದು ಸರಿಪಡಿಸಬೇಕು. ಎಲ್ಲ ಬದಿಗಳೂ ಒಂದೇ ಪ್ರಮಾಣದಲ್ಲಿ ಹೆಚ್ಚೋ ಕಡಮೆಯೋ ಆಗಿದ್ದರೆ ಗಣಕಯಂತ್ರದಲ್ಲಿ ಚಿತ್ರದ ಗಾತ್ರವನ್ನು ತಿದ್ದಿದರೆ ಸಾಕು. ಈ ಕೆಲಸಕ್ಕೆಂದೇ ರಚಿಸಿದ ‘ಪ್ಯಾಟರ್ನ್ ಪ್ರೊಜೆಕ್ಟರ್’ ಎಂಬ ಉಚಿತ ತಂತ್ರಾಂಶವೂ ಇದೆ.

ಎತ್ತರದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೇಜಿನ ಮೇಲೆ ಅಳತೆಯನ್ನು ಸರಿಪಡಿಸಿಕೊಂಡು, ಬಳಿಕ ಅದರ ಮೇಲೆ 3 ಸೆಂ.ಮೀ. ದಪ್ಪದ ಹಲಗೆಯನ್ನಿಟ್ಟು ಬಟ್ಟೆಯನ್ನು ಹರಡಿದೆವೆಂದು ಭಾವಿಸಿರಿ. ಬಟ್ಟೆಯು 180ರಲ್ಲಿ 3, ಅಂದರೆ 60ರಲ್ಲಿ ಒಂದು ಪಾಲಿನಷ್ಟು ಯಂತ್ರಕ್ಕೆ ಸಮೀಪವಾಯಿತು. ಸಮರೂಪ ತ್ರಿಭುಜಗಳ ನಿಯಮದಂತೆ ಚಿತ್ರವೂ ಅಷ್ಟೇ ಪಾಲು ಕುಗ್ಗುವುದು. 90 ಸೆಂ.ಮೀ. ಇರಬೇಕಾದ ಎದೆಸುತ್ತು 88.5 ಸೆಂ.ಮೀ.ಗೆ ಇಳಿಯುವುದು. ಒಂದೂವರೆ ಸೆಂಟಿಮೀಟರು ಕಡಮೆಯಾದ ರವಿಕೆಯು ಮೈಗೆ ಹೇಗೆ ಬಿಗಿದುಕೊಳ್ಳುವುದೆಂಬುದನ್ನು ತಾಯಂದಿರಿಗೆ ಹೇಳಬೇಕಾದುದಿಲ್ಲ. ಆದುದರಿಂದ ಬಟ್ಟೆಯು ಯಾವ ಮಟ್ಟದಲ್ಲಿರುವುದೋ ಅದೇ ಮಟ್ಟದಲ್ಲಿ ಅಳತೆಯನ್ನು ಪರೀಕ್ಷಿಸಬೇಕು. ಪ್ರತಿಸಲ ಕತ್ತರಿ ಹಿಡಿಯುವ ಮೊದಲು ಮತ್ತೊಮ್ಮೆ ಪರೀಕ್ಷಿಸಬೇಕು.

ಬಟ್ಟೆಯನ್ನು ಹರಡುವಾಗ ಮಾದರಿಯಲ್ಲಿ ಬಾಣದ ಗುರುತಿನಿಂದ ತೋರಿಸಿದ ದಿಕ್ಕು ಬಟ್ಟೆಯ ಹಾಸುನೂಲಿನ ದಿಕ್ಕಿಗೆ ಹೊಂದಿರಬೇಕು. ಹಾಸುಹೊಕ್ಕುಗಳು ಓರೆಯಾದರೆ ಉಡುಪು ಒಗೆದ ಬಳಿಕ ಸೊಟ್ಟಗಾಗುವುದು. ಕಡತದಲ್ಲಿ ಹಲವು ಗಾತ್ರಗಳಿದ್ದರೆ ನಮಗೆ ಬೇಕಾದ ಗಾತ್ರವೊಂದನ್ನೇ ಉಳಿಸಿಕೊಂಡು ಉಳಿದವನ್ನು ಮರೆಮಾಡುವ ಅನುಕೂಲವು ಹಲವು ಕಡತಗಳಲ್ಲಿ ಉಂಟು. ಕಾಗದದಲ್ಲಿ ಇದು ಸಾಧ್ಯವಿಲ್ಲ. ಕಪ್ಪು ಬಟ್ಟೆಯ ಮೇಲೆ ಕಪ್ಪು ಗೆರೆಯು ಕಾಣದು. ಆಗ ಬಣ್ಣಗಳನ್ನು ತಿರುವುಮುರುವು ಮಾಡಿ ಬಿಳಿಯ ಗೆರೆಯನ್ನು ಮೂಡಿಸಬೇಕು. ಕತ್ತರಿಯು ಬಟ್ಟೆಯನ್ನು ಎತ್ತುವುದರಿಂದ ಗೆರೆಯು ಜರಗಿದಂತೆ ತೋರುವುದು. ಹೊಸಬರು ಮೊದಲು ಸೀಮೆಸುಣ್ಣದಿಂದ ಗುರುತು ಮಾಡಿಕೊಂಡು, ಬಳಿಕ ದೀಪ ಹಾಕಿ ಕತ್ತರಿಸುವುದೇ ಲೇಸು. ಮಕ್ಕಳು ಯಂತ್ರದ ಬೆಳಕನ್ನು ನೇರವಾಗಿ ದಿಟ್ಟಿಸಿ ನೋಡಕೂಡದು.

ಈ ಯಂತ್ರವು ಮಾಡಲಾರದ ಕೆಲಸವೂ ಒಂದುಂಟು. ಅದು ಮೈಯ ಅಳತೆ ತೆಗೆಯದು. ಹೊರದೇಶದ ಮಾದರಿಗಳು ಅಲ್ಲಿಯವರ ಮೈಕಟ್ಟನ್ನು ನೋಡಿ ರಚಿತವಾದುವು. ನಮ್ಮ ರವಿಕೆಯ ಟಕ್ಸು, ತೋಳು, ಕಂಕುಳಿನ ಸುತ್ತು ಅವುಗಳಲ್ಲಿ ಸಿಗಲಾರವು. ಇದಕ್ಕೆ ದಾರಿಯಿದೆ. ಚೆನ್ನಾಗಿ ಒಪ್ಪುವ ರವಿಕೆಯೊಂದರ ಮಾದರಿಯನ್ನು ಹೊಲಿಗೆ ಬಲ್ಲ ಹಿರಿಯರಿಂದ ಕಾಗದದ ಮೇಲೆ ಬರೆಸಿಕೊಂಡು, ಅದರ ಅಳತೆಗಳನ್ನು ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಇದ್ದಕ್ಕಿದ್ದಂತೆಯೇ ಬಿಡಿಸಬಹುದು. ತಾಯಿಗೆ ಹೊಲಿಗೆ ಗೊತ್ತು, ಮಗಳಿಗೋ ಮಗನಿಗೋ ಗಣಕಯಂತ್ರ ಗೊತ್ತು. ಇಬ್ಬರೂ ಕೂಡಿದರೆ ಈ ಕೆಲಸ ಸಾಗುವುದು. ಮಗು ಬೆಳೆದಂತೆ ಅದೇ ಮಾದರಿಯನ್ನು ತಿದ್ದಿ ಮತ್ತೆ ಮತ್ತೆ ಬಳಸಲೂಬಹುದು.

ಹಾಗೆಂದು ಇದಕ್ಕಾಗಿ ಎಲ್ಲರೂ ಪ್ರೊಜೆಕ್ಟರ್ ಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ವರ್ಷಕ್ಕೆ ಒಂದೆರಡು ಉಡುಪು ಹೊಲಿಯುವ ಮನೆಗೆ ಹಳೆಯ ವಾರ್ತಾಪತ್ರಿಕೆಯೂ ಪೆನ್ಸಿಲೂ ಸಾಕು. ಪರೀಕ್ಷಿಸಿ ನೋಡುವ ಆಸೆಯುಳ್ಳವರು ಪರಿಚಿತರಲ್ಲಿ ಯಂತ್ರವಿದ್ದರೆ ಒಂದು ಸಂಜೆಗೆ ಕೇಳಿ ಪಡೆದು, ಗೋಡೆಗೆ ವಾರ್ತಾಪತ್ರಿಕೆಯ ಹಾಳೆಗಳನ್ನು ಅಂಟಿಸಿ, ಅದರ ಮೇಲೆ ಬಿದ್ದ ಮಾದರಿಯನ್ನು ಪೆನ್ಸಿಲಿನಿಂದ ಬರೆದುಕೊಳ್ಳಬಹುದು. ಆ ಕಾಗದದಿಂದ ಮೊದಲು ಹಳೆಯ ಸೀರೆಯ ತುಂಡೊಂದನ್ನು ಕತ್ತರಿಸಿ, ಹೊಲಿದು, ತೊಟ್ಟು ನೋಡಲಿ. ಅದು ಒಪ್ಪಿದ ಮೇಲೆ ಹೊಸ ಬಟ್ಟೆಗೆ ಕೈಹಾಕಲಿ. ಹೆಚ್ಚು ಹೊಲಿಯುವ ಮನೆಗಳವರು, ಇಲ್ಲವೇ ನೆರೆಹೊರೆಯ ನಾಲ್ಕಾರು ಮಂದಿ ಕೂಡಿಕೊಂಡವರು, ಆಮೇಲೆ ಯಂತ್ರ ಕೊಳ್ಳುವ ವಿಚಾರ ಮಾಡಬಹುದು.

ಶಾಲೆಯಲ್ಲಿ ಕಲಿತ ಚೌಕ, ಕರ್ಣ, ತ್ರಿಭುಜಗಳು ಅಮ್ಮನ ಹೊಲಿಗೆಯ ಮೇಜಿಗೂ ಬೇಕಾಗುವವು. ವಿದ್ಯಾರ್ಥಿಗಳು ಮುಂದಿನ ರಜೆಯಲ್ಲಿ ಟೇಪು ಹಿಡಿದು ಹೆತ್ತವರೊಂದಿಗೆ ಇದನ್ನು ಪರೀಕ್ಷಿಸಲಿ, ಅಳತೆ ಸರಿಯೆಂದು ಖಚಿತವಾದ ಬಳಿಕವೇ ಕತ್ತರಿ ಎತ್ತಲಿ ಎಂದು ಹಾರೈಸುತ್ತೇವೆ.