ಮನೆಯ ಮೊಬೈಲಿನಲ್ಲಿ ಬೀಡಿಗೆ ಮದ್ದುಂಟೆ?

“ಆಪಾ, ಇವರ ಬೀಡಿ ಬಿಡಸಾಕ ಏನರೆ ದುವಾ ಹೇಳಿಕೊಡ್ರಿ.”

ಬೆಳಗಾವಿಯ ಶಿವಬಸವ ನಗರದ ನಮ್ಮ ಓಣಿಯ ಸೋದರಿಯೊಬ್ಬರು ಕಳೆದ ವರ್ಷ ರಮಝಾನಿಗೆ ಮುಂಚೆ ಹೀಗೆ ಕೇಳಿದರು. ಅವರ ಪತಿ ಖಾನಾಪುರ ರಸ್ತೆಯಲ್ಲಿ ಟಂಟಂ ಓಡಿಸುತ್ತಾರೆ. ದಿನಕ್ಕೆ ಎರಡು ಕಟ್ಟು ಬೀಡಿ. ರಾತ್ರಿಯೆಲ್ಲಾ ಕೆಮ್ಮು. ಚಿಕ್ಕ ಮಗಳಿಗೆ ಆಗಲೇ ದಮ್ಮಿನ ತೊಂದರೆ. ಜಗಳವಾಡಿದ್ದಾರೆ, ಆಣೆ ಹಾಕಿಸಿದ್ದಾರೆ, ಬೀಡಿ ಬಚ್ಚಿಟ್ಟಿದ್ದಾರೆ. ಯಾವುದೂ ಫಲಿಸಲಿಲ್ಲ.

ದುವಾ ಮಾಡೋಣ, ಅದರ ಜೊತೆಗೆ ಆ ಬೀಡಿ ಕಟ್ಟನ್ನೊಮ್ಮೆ ತನ್ನಿ ಎಂದೆ. ಅವರಿಗೆ ಆಶ್ಚರ್ಯ. ಕಟ್ಟಿನ ಮೇಲಿನ ಆ ಭೀಕರ ಚಿತ್ರದ ಜೊತೆ ಒಂದು ನಂಬರ್ ಇದೆ: 1800-11-2356. 2018ರ ಸೆಪ್ಟೆಂಬರಿನಿಂದ ತಂಬಾಕಿನ ಪೊಟ್ಟಣಗಳ ಮೇಲೆ ಇದನ್ನು ಮುದ್ರಿಸಬೇಕೆಂಬ ಕಾನೂನಿದೆ. ಎಷ್ಟೋ ವರ್ಷಗಳಿಂದ ಆ ನಂಬರ್ ಅವರ ಮನೆಯಲ್ಲೇ ಬಿದ್ದಿತ್ತು, ಓದಿದವರಿರಲಿಲ್ಲ. ಕರೆಗೆ ಹಣವಿಲ್ಲ. 2016ರಲ್ಲಿ ದಿಲ್ಲಿಯಲ್ಲಿ ಆರಂಭವಾದ ಈ ಸೇವೆಯ ದಕ್ಷಿಣದ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಅಲ್ಲಿ ಕನ್ನಡದಲ್ಲೇ ಮಾತನಾಡುತ್ತಾರೆ.

ಕರೆ ಮಾಡಲು ಪತಿಗೆ ಸಂಕೋಚ. ಬಯ್ಯುತ್ತಾರೇನೋ ಎಂಬ ಅಳುಕು. ಯಾರೂ ಬಯ್ಯಲಿಲ್ಲ. ದಿನಕ್ಕೆ ಎಷ್ಟು ಸೇದುತ್ತೀರಿ, ಎದ್ದ ಎಷ್ಟು ಹೊತ್ತಿಗೆ ಮೊದಲ ಬೀಡಿ ಬೇಕಾಗುತ್ತದೆ, ಯಾವಾಗ ಹೆಚ್ಚು ನೆನಪಾಗುತ್ತದೆ ಎಂದು ಕೇಳಿದರು. ಎದ್ದ ಅರ್ಧ ಗಂಟೆಯೊಳಗೆ ಬೇಕೇ ಬೇಕೆನಿಸಿದರೆ ವ್ಯಸನ ಆಳವಾಗಿದೆ ಎಂದರ್ಥ. ಬಿಡುವುದಕ್ಕೆ ಒಂದು ದಿನವನ್ನು ಗೊತ್ತು ಮಾಡಿಸಿದರು. ಆಮೇಲೆ ಅವರೇ ಮತ್ತೆ ಮತ್ತೆ ಕರೆ ಮಾಡಿ ವಿಚಾರಿಸಿದರು.

ಫೋನಿನಿಂದ ಇಷ್ಟು ದೊಡ್ಡ ಚಟ ಹೋಗುವುದುಂಟೇ ಎಂದು ನೀವು ಕೇಳಬಹುದು. ನನಗೂ ಅನುಮಾನವಿತ್ತು. ಬ್ರಿಟನ್ನಿನಲ್ಲಿ 5,800 ಮಂದಿ ಧೂಮಪಾನಿಗಳ ಮೇಲೆ ನಡೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಧೈರ್ಯ ಹೇಳುವ ಸಂದೇಶಗಳು ಮೊಬೈಲಿಗೆ ಬರುತ್ತಿದ್ದವರಲ್ಲಿ ಆರು ತಿಂಗಳ ಬಳಿಕ ನೂರಕ್ಕೆ ಸುಮಾರು 11 ಮಂದಿ ಬಿಟ್ಟಿದ್ದರು. ಅಂಥ ಸಂದೇಶ ಬಾರದವರಲ್ಲಿ ಬಿಟ್ಟವರು ಸುಮಾರು 5 ಮಂದಿ. ನೂರರಲ್ಲಿ ಹನ್ನೊಂದು ಅಷ್ಟೇನೇ ಎನ್ನಬೇಡಿ. ಬಿಟ್ಟವರ ಸಂಖ್ಯೆ ದುಪ್ಪಟ್ಟಾಯಿತಲ್ಲ! ನಮ್ಮ ದೇಶದಲ್ಲೂ 2016ರಲ್ಲಿ ಸರಕಾರವು ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗೂಡಿ ಮಿಸ್ಡ್ ಕಾಲ್ ಕೊಟ್ಟವರಿಗೆ ಇಂಥ ಸಂದೇಶ ಕಳಿಸುವ ಯೋಜನೆ ಶುರು ಮಾಡಿತು. ಸ್ಮಾರ್ಟ್‌ಫೋನ್ ಇರುವವರಿಗಾಗಿ ಅದೇ ಸಂಸ್ಥೆ 2022ರಲ್ಲಿ ಒಂದು ಆ್ಯಪ್ ಹೊರತಂದಿತು. ಸೇದಬೇಕೆನಿಸುವ ಹೊತ್ತನ್ನೂ ಕಾರಣವನ್ನೂ ಗುರುತಿಸಿ ಗುರಿ ಹಾಕಿಕೊಳ್ಳಲು ಅದು ನೆರವಾಗುತ್ತದೆ. ಆದರೆ ಹೆಸರಿಗೆ ‘ಬಿಡಿಸುವ’ ಆ್ಯಪ್ ಎಂದಿದ್ದದ್ದೆಲ್ಲಾ ಪ್ರಯೋಜನದ್ದಲ್ಲ. ಹಣ ಕೇಳುವ, ಜಾಹೀರಾತು ತುಂಬಿದ ಆ್ಯಪ್‌ಗಳ ಗೋಜಿಗೆ ಹೋಗಬೇಡಿ. ಇ-ಸಿಗರೇಟನ್ನು ಮದ್ದೆಂದು ಹೇಳುವವರೂ ಇದ್ದಾರೆ. ಅದು ನಮ್ಮ ದೇಶದಲ್ಲಿ 2019ರಿಂದಲೇ ನಿಷಿದ್ಧ.

ಬೀಡಿಯ ಹಂಬಲ ಬಂದಾಗ ಅದು ಜೋರಾಗಿರುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಹೆಂಡತಿ ಪಕ್ಕದಲ್ಲಿರುವುದಿಲ್ಲ, ಇಮಾಮರು ಇರುವುದಿಲ್ಲ, ಡಾಕ್ಟರೂ ಇರುವುದಿಲ್ಲ. ಫೋನ್ ಮಾತ್ರ ಜೇಬಿನಲ್ಲಿರುತ್ತದೆ. ಅದರ ಗುಟ್ಟು ಇಷ್ಟೇ.

ನಾಲ್ಕನೆಯ ದಿನ ಖಾನಾಪುರದ ಚಹಾದಂಗಡಿಯಲ್ಲಿ ಗೆಳೆಯರ ಜೊತೆ ಅವರು ಒಂದು ಬೀಡಿ ಸೇದಿಬಿಟ್ಟರು. ಮನೆಯಲ್ಲಿ ಅಳು, ರಂಪ. ಸೋದರಿ ನನ್ನ ಬಳಿ ಓಡಿ ಬಂದರು. ಒಮ್ಮೆ ಎಡವಿದರೆ ಎಲ್ಲ ಮುಗಿಯಿತೆಂದಲ್ಲ, ಹಲವರು ನಾಲ್ಕಾರು ಸಲ ಪ್ರಯತ್ನಿಸಿದ ಮೇಲೆಯೇ ಬಿಡುತ್ತಾರೆ ಎಂದೆ. ಫೋನಿನಲ್ಲೂ ಅದನ್ನೇ ಹೇಳಿದರಂತೆ. ಹೊಸ ದಿನ ಗೊತ್ತಾಯಿತು, ರಮಝಾನಿನ ಮೊದಲ ಉಪವಾಸ. ಹಗಲಿಡೀ ಬೀಡಿಯಿಲ್ಲದೆ ಇರಬಲ್ಲವರಿಗೆ ಕಷ್ಟದ ಘಳಿಗೆ ಇಫ್ತಾರಿನ ನಂತರದ್ದು. ಅವರ ದೊಡ್ಡ ಮಗಳು, ನನ್ನ ವಿದ್ಯಾರ್ಥಿನಿ, ಆ ಹೊತ್ತಿಗೆ ಅಬ್ಬಾನ ಫೋನಿನಲ್ಲಿ ಅಲಾರಂ ಇಟ್ಟಳು. ಅದು ಬಡಿದರೆ ನೀರು ಕುಡಿದು ನೇರ ತರಾವೀಹ್‌ಗೆ ನಡೆಯಬೇಕು. ಚಹಾದಂಗಡಿ ಇರುವ ದಾರಿ ಬಿಟ್ಟು ಬೇರೆ ದಾರಿಯಲ್ಲಿ. ಮೊದಲ ವಾರ ಸಿಡುಕು, ತಲೆನೋವು, ನಿದ್ದೆಯಿಲ್ಲ. ಎರಡು ಮೂರು ವಾರಗಳಲ್ಲಿ ತಗ್ಗಿತು. ಈಗ ಬೀಡಿ ಇಲ್ಲ. (ಫೋನ್ ನೋಡುವುದು ಮಾತ್ರ ಹೆಚ್ಚಾಗಿದೆ ಎಂಬುದು ಸೋದರಿಯ ಹೊಸ ದೂರು!)

ಪ್ರವಾದಿಯವರ(ಸ) ಕಾಲದಲ್ಲಿ ತಂಬಾಕೇ ಇರಲಿಲ್ಲ, ಮತ್ತೆ ಹರಾಮ್ ಹೇಗೆ ಎಂದು ವಾದಿಸುವವರಿದ್ದಾರೆ. ಅಕ್ಬರನ ಆಸ್ಥಾನಕ್ಕೆ ತಂಬಾಕನ್ನು ನಮ್ಮ ಬಿಜಾಪುರದಿಂದ ಒಯ್ದವನು ಅಸದ್ ಬೇಗ್. ಅಂದೇ ಹಕೀಮರು ಆಕ್ಷೇಪಿಸಿದ್ದರು. 1617ರಲ್ಲಿ ಜಹಾಂಗೀರ್ ನಿಷೇಧಿಸಿದ. ಹಸಿ ಬೆಳ್ಳುಳ್ಳಿಯ ವಾಸನೆಯೊಂದಿಗೇ ಮಸೀದಿಗೆ ಬರಬಾರದೆಂದು ಕಲಿಸಿದ ಧರ್ಮದಲ್ಲಿ ಬೀಡಿಯ ವಾಸನೆಗೆ ಬೇರೆ ಪುರಾವೆ ಬೇಕೇ? ಶರೀರಕ್ಕೆ ಹಾನಿಯೆಂದು ಖಚಿತವಾದ ಮೇಲೆ ಅನೇಕ ವಿದ್ವಾಂಸರು ಅದನ್ನು ನಿಷಿದ್ಧವೆಂದೇ ಹೇಳಿದ್ದಾರೆ.

ಇಷ್ಟು ಬರೆದ ಮೇಲೆ ಸೋದರಿಯರೇ, ನಮ್ಮ ಕಡೆಗೂ ನೋಡೋಣ. 2016-17ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಧೂಮಪಾನ ಮಾಡುವವರು ಶೇ. 0.8 ಮಾತ್ರ. ಆದರೆ ಒಂದಲ್ಲ ಒಂದು ಬಗೆಯ ತಂಬಾಕು ಬಳಸುವವರು ಶೇ. 10.3. ಅಂದರೆ ಹೊಗೆ ಕಾಣದ ತಂಬಾಕು ನಮ್ಮ ಪಾಲಿನದು. ಎಲೆಯಡಿಕೆಯ ಜೊತೆಗಿನದ್ದು, ಗುಟ್ಕಾ, ಮತ್ತು ನಮ್ಮ ಬೆಳಗಾವಿ ಕಡೆಯ ಮಿಶ್ರಿ. ನಿಪ್ಪಾಣಿಯಲ್ಲಿ ತಂಬಾಕು ಬೆಳೆಯುವ ಜಿಲ್ಲೆಯಲ್ಲವೇ ನಮ್ಮದು? ಹಲ್ಲಿಗೆ ಒಳ್ಳೆಯದೆಂದು ಅಜ್ಜಿಯಂದಿರು ಕಲಿಸಿದ ಆ ಕರಿ ಪುಡಿ ಹುರಿದ ತಂಬಾಕೇ ಹೊರತು ಬೇರೇನಲ್ಲ. ಬಾಯಿಯ ಕ್ಯಾನ್ಸರಿಗೆ ಹೊಗೆಯೇ ಬೇಕೆಂದಿಲ್ಲ. ಗರ್ಭಿಣಿ ಬಳಸಿದರೆ ಮಗುವಿನ ತೂಕ ಕಡಿಮೆಯಾಗುತ್ತದೆ.

ದುವಾ ಕೇಳಲು ಬಂದಿದ್ದ ಸೋದರಿಯ ಹಲ್ಲಿನ ಬುಡವೂ ಕಪ್ಪಾಗಿತ್ತು. ಅಂದೇ ಗಮನಿಸಿದ್ದೆ, ಹೇಳಲು ಬಾಯಿ ಬಂದಿರಲಿಲ್ಲ. ಹೋದ ತಿಂಗಳು ಅವರೇ ಸೆರಗಿನ ಮರೆಯಲ್ಲಿ ಒಂದು ಸಣ್ಣ ಡಬ್ಬಿ ತಂದರು. “ಆಪಾ, ಮುಂಜಾನೆ ಇದನ್ನ ತಿಕ್ಕಲಿಲ್ಲಂದ್ರ ಕೈಕಾಲು ಆಡೂದಿಲ್ರೀ. ನನಗೂ ಆ ಫೋನ್‌ನವರು ಹೇಳತಾರೇನ್ರಿ?”

ಹೇಳುತ್ತಾರೆ, ಬೀಡಿಗೂ ಮಿಶ್ರಿಗೂ ಒಂದೇ ನಂಬರ್ ಎಂದೆ. ಅವರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮನೆಯಲ್ಲೇ ಹುರಿದ ಮಿಶ್ರಿಯ ಮೇಲೆ ಯಾವ ಸರಕಾರ ನಂಬರ್ ಮುದ್ರಿಸುತ್ತದೆ? ಪೆನ್ನು ತೆಗೆದು ಮುಚ್ಚಳದ ಮೇಲೆ ನಾನೇ ಬರೆದುಕೊಟ್ಟೆ.