ಬರದ ಲೆಕ್ಕ, ಸಿಡಿಲಿನ ಲೆಕ್ಕ

ಯಲಹಂಕದ ಒಂದು ಕಚೇರಿಯಲ್ಲಿ ಹಗಲಿರುಳೂ ನಾಡಿನ ಮಳೆಯನ್ನು ಲೆಕ್ಕವಿಡುವ ಕಾರ್ಯ ನಡೆಯುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂಬ ಈ ಸಂಸ್ಥೆ 1988ರಲ್ಲಿ ಹುಟ್ಟಿದ್ದು ಬರ ಉಸ್ತುವಾರಿ ಘಟಕವಾಗಿ. ಬರದ ಹೆಸರೇ ಮೊದಲು ಬಂದುದರಲ್ಲಿ ಅಚ್ಚರಿಯಿಲ್ಲ; ಈ ಸೀಮೆಯ ಜನರನ್ನು ಅದರಷ್ಟು ಕೊಂದ ವಿಕೋಪ ಬೇರೊಂದಿಲ್ಲ.

1876ರಲ್ಲಿ ಮಳೆ ಕೈಕೊಟ್ಟಿತು. ಧಾತು, ಈಶ್ವರ ಸಂವತ್ಸರಗಳ ಆ ಕ್ಷಾಮದ ಉಗ್ರತೆಯನ್ನು ಜನಗಣತಿಯೇ ಸಾರುತ್ತದೆ. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412, 1881ರಲ್ಲಿ 41,86,188. ಹತ್ತು ವರ್ಷಗಳಲ್ಲಿ ಹುಟ್ಟಿ ಉಳಿದ ಮಕ್ಕಳನ್ನೆಲ್ಲ ಕೂಡಿಸಿಕೊಂಡ ಮೇಲಿನ ಲೆಕ್ಕವಿದು! ಧಾನ್ಯವೇ ಇರಲಿಲ್ಲವೆಂದಲ್ಲ. ಮದರಾಸಿನ ಕಡೆಯಿಂದ ಬೆಂಗಳೂರಿಗೆ 1864ರಲ್ಲಿಯೇ ರೈಲು ಬಂದಿದ್ದಿತು, ಅಲ್ಲಿಂದಾಚೆಗೆ ಹಳಿಗಳಿರಲಿಲ್ಲ. ಮೂಟೆಗಳನ್ನು ಒಳನಾಡಿಗೆ ಎಳೆಯಬೇಕಾದ ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದುವು. ತಲುಪಿದ ಧಾನ್ಯದ ಬೆಲೆಯೋ, ಕೂಲಿಕಾರನ ಕೈಗೆ ಎಟುಕುವಂತಿರಲಿಲ್ಲ. ಕ್ಷಾಮ ಕಳೆದ ಮೇಲೆ ಹಳಿಗಳು ಮುಂದುವರಿದುವು. 1884ರಲ್ಲಿ ಯಶವಂತಪುರದ ಮಾರ್ಗವಾಗಿ ತುಮಕೂರನ್ನು ಮುಟ್ಟಿದುವು. ಇಂದು ಯಶವಂತಪುರದಲ್ಲಿ ರೈಲು ಹತ್ತುವ ಎಷ್ಟು ಮಂದಿಗೆ ಈ ಸಂಗತಿ ತಿಳಿದಿದೆಯೋ!

ಅನಂತರವೂ ಬರಗಳು ಬಂದುವು, 1972ರದು ಸಾಮಾನ್ಯವಾದುದಲ್ಲ. ಆದರೆ ರೈಲು, ನ್ಯಾಯಬೆಲೆ ಅಂಗಡಿ, ಪರಿಹಾರ ಕಾಮಗಾರಿಗಳಿದ್ದುದರಿಂದ ಲಕ್ಷಗಟ್ಟಲೆ ಸಾವು ಮರುಕಳಿಸಲಿಲ್ಲ. ಚಂಡಮಾರುತದ ಕಥೆಯೂ ಹೀಗೆಯೇ. 1999ರಲ್ಲಿ ಒಡಿಶಾದಲ್ಲಿ ಸುಮಾರು 10,000 ಮಂದಿ ಮಡಿದರು. 2013ರ ಫೈಲಿನ್ ಅಪ್ಪಳಿಸುವ ಮೊದಲೇ ಲಕ್ಷಾಂತರ ಜನರನ್ನು ತೆರವುಗೊಳಿಸಿದ್ದರಿಂದ ಸತ್ತವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ಅದೇ ಯಲಹಂಕದಲ್ಲಿ 2021ರ ನವೆಂಬರಿನಲ್ಲಿ ಕೆರೆ ತುಂಬಿ ಕೇಂದ್ರೀಯ ವಿಹಾರದ ಮನೆಗಳಿಗೆ ನೀರು ನುಗ್ಗಿದಾಗ ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಲಾಯಿತು. 2024ರ ಅಕ್ಟೋಬರಿನಲ್ಲಿ ಪುನಃ ದೋಣಿಗಳೇ ಬೇಕಾದುವೆಂಬುದು ಬೇರೆ ಮಾತು.

ಈಗ ಸಾವು ಊರನ್ನು ಬಿಟ್ಟು ಒಂಟಿಯಾಗಿರುವವನನ್ನು ಹುಡುಕುತ್ತಿದೆ. 2022ರಲ್ಲಿ ದೇಶದಲ್ಲಿ ಪ್ರಕೃತಿಯ ಪ್ರಕೋಪಕ್ಕೆ ಬಲಿಯಾದವರೆಂದು ದಾಖಲಾದ 8,060 ಜನರಲ್ಲಿ 2,887 ಮಂದಿ ಸಿಡಿಲಿಗೆ ತುತ್ತಾದವರು. ಇವರಲ್ಲಿ ಹೊಲದಲ್ಲಿ ದುಡಿಯುವವರು, ದನ ಕುರಿ ಕಾಯುವವರು ಬಹಳ. ಯಲಹಂಕದ ಕೇಂದ್ರ ಇದಕ್ಕಾಗಿಯೇ ‘ಸಿಡಿಲು’ ಎಂಬ ಮೊಬೈಲ್ ಆ್ಯಪ್ ಸಿದ್ಧಪಡಿಸಿತು. ಪಂಚಾಯಿತಿ ಪಂಚಾಯಿತಿಯ ಮಳೆಮಾಪಕದಿಂದ ಕಾಲು ಗಂಟೆಗೊಮ್ಮೆ ಕೇಂದ್ರಕ್ಕೆ ಸುದ್ದಿ ಬರುತ್ತದೆ. ಕೇಂದ್ರದ ಎಚ್ಚರಿಕೆಯಾದರೋ ಹಿಂದಿರುಗಿ ಹೋಗಬೇಕಾದುದು ಬಯಲಿನಲ್ಲಿ ಕುರಿ ಕಾಯುತ್ತಿರುವವನ ಬಳಿಗೆ. ಅವನು ಮೊದಲ ಹನಿ ಬಿದ್ದೊಡನೆ ಕಂಬಳಿ ಹೊದ್ದು ಒಂಟಿ ಮರದ ಬುಡಕ್ಕೆ ಓಡುತ್ತಾನೆ.